ವೈದ್ಯರಲ್ಲದವರೂ ಓದಬಹುದಾದ ಆರೋಗ್ಯ

ಆರೋಗ್ಯದ ಕುರಿತ ಚರ್ಚೆಯೆಂದರೆ ಮೇಜಿನ ಸುತ್ತ ವೈದ್ಯರೇ ಕುಳಿತಿರಬೇಕೆಂದು ವೀಕ್ಷಕರು ಬಯಸುತ್ತಾರೆ. ಚರಂಡಿ, ಕುಡಿಯುವ ನೀರು, ಸೊಳ್ಳೆ, ವಿಷಯ ಯಾವುದೇ ಇರಲಿ, ಕೊನೆಗೆ ಬರುವ ಪ್ರಶ್ನೆ ಯಾವ ಮಾತ್ರೆ ನುಂಗಬೇಕು ಎಂಬುದೇ. ಹೀಗಾಗಿ ಸಾರ್ವಜನಿಕ ಆರೋಗ್ಯದಲ್ಲಿ ಪ್ರತ್ಯೇಕ ಸ್ನಾತಕೋತ್ತರ ಪದವಿಯೊಂದಿದೆ, ಅದನ್ನು ವೈದ್ಯರಲ್ಲದವರೂ ಪಡೆಯಬಹುದು ಎಂದರೆ ಹಲವರಿಗೆ ಆಶ್ಚರ್ಯ. ಆದರೆ ಈ ವಿದ್ಯೆಯ ಇತಿಹಾಸದಲ್ಲಿ ಎದ್ದು ಕಾಣುವ ಹೆಸರುಗಳಲ್ಲಿ ಒಂದು, ವೈದ್ಯರಲ್ಲದವರೊಬ್ಬರದು.

ವಿಕ್ಲಿಫ್ ರೋಸ್ ಅಮೆರಿಕದ ಟೆನೆಸಿಯಲ್ಲಿ ತತ್ತ್ವಶಾಸ್ತ್ರ ಕಲಿಸುತ್ತಿದ್ದವರು. ದಕ್ಷಿಣದ ರಾಜ್ಯಗಳಲ್ಲಿ ಕೊಕ್ಕೆಹುಳುವಿನ ಬಾಧೆಯನ್ನು ನಿವಾರಿಸಲು ಜಾನ್ ಡಿ. ರಾಕ್‌ಫೆಲರ್ 1909ರಲ್ಲಿ ಹತ್ತು ಲಕ್ಷ ಡಾಲರ್ ಕೊಟ್ಟು ಆಯೋಗವೊಂದನ್ನು ರಚಿಸಿದಾಗ, ಅದರ ಆಡಳಿತ ರೋಸ್ ಅವರ ಪಾಲಿಗೆ ಬಂತು. ಬರಿಗಾಲಿನ ಚರ್ಮದ ಮೂಲಕ ಒಳಹೊಕ್ಕು, ಕರುಳಿನಲ್ಲಿ ನೆಲೆಸಿ ರಕ್ತ ಹೀರುವ ಹುಳು ಅದು. ಥೈಮಾಲ್ ಕೊಟ್ಟರೆ ಹುಳು ಬೀಳುತ್ತಿತ್ತು. ಆದರೆ ಕಕ್ಕಸೇ ಇಲ್ಲದ ಊರಿನಲ್ಲಿ, ಗುಣವಾದವನು ಮತ್ತೆ ಅದೇ ಮಣ್ಣು ತುಳಿದು ಮತ್ತೆ ಹುಳುವಿಗೆ ಮನೆಯಾಗುತ್ತಿದ್ದ. ಊರಿನ ಆರೋಗ್ಯಾಧಿಕಾರಿಯೆಂದು ಹೆಸರು ಹೊತ್ತವರು ಬಹುಮಟ್ಟಿಗೆ ಸ್ವಂತ ಚಿಕಿತ್ಸಾಲಯ ನಡೆಸುತ್ತಾ ಬಿಡುವಿನಲ್ಲಿ ಈ ಕೆಲಸ ನೋಡುತ್ತಿದ್ದ ವೈದ್ಯರು. ಇದಕ್ಕೇ ಮೀಸಲಾದ, ಇದಕ್ಕೇ ತರಬೇತಾದ ಜನ ಬೇಕೆಂಬುದು ರೋಸ್ ಅವರಿಗೆ ಮನದಟ್ಟಾಯಿತು.

1914ರ ಅಕ್ಟೋಬರ್‌ನಲ್ಲಿ ನ್ಯೂಯಾರ್ಕಿನಲ್ಲಿ ಈ ಕುರಿತು ಸಭೆ ಸೇರಿತು. ವರದಿ ಬರೆಯುವ ಹೊಣೆ ರೋಸ್ ಮತ್ತು ಹೆಸರಾಂತ ರೋಗವಿಜ್ಞಾನಿ ವಿಲಿಯಂ ವೆಲ್ಚ್ ಅವರ ಮೇಲೆ ಬಿತ್ತು. ಇಬ್ಬರ ದೃಷ್ಟಿ ಒಂದೇ ಆಗಿರಲಿಲ್ಲ. ಕ್ಷೇತ್ರಕ್ಕಿಳಿದು ದುಡಿಯುವವರನ್ನು ಎಲ್ಲ ರಾಜ್ಯಗಳಲ್ಲೂ ತಯಾರಿಸುವ ಶಾಲೆಗಳು ರೋಸ್ ಅವರ ಮನಸ್ಸಿನಲ್ಲಿದ್ದರೆ, ವೆಲ್ಚ್ ಅವರ ಮುಂದೆ ಇದ್ದದ್ದು ಜರ್ಮನಿಯ ಮಾದರಿ. ಮ್ಯೂನಿಕ್‌ನಲ್ಲಿ ಪೆಟೆನ್‌ಕೋಫರ್ ಕಟ್ಟಿದಂತಹ ಸಂಶೋಧನಾಲಯ. 1915ರ ವರದಿಯಲ್ಲಿ ವೆಲ್ಚ್ ಅವರ ಪಕ್ಷವೇ ಮೇಲಾಯಿತು. ಮರುವರ್ಷ ಬಾಲ್ಟಿಮೋರಿನ ಜಾನ್ಸ್ ಹಾಪ್‌ಕಿನ್ಸ್ ವಿಶ್ವವಿದ್ಯಾಲಯಕ್ಕೆ ಹಣ ದೊರೆಯಿತು. 1918ರ ಅಕ್ಟೋಬರ್‌ನಲ್ಲಿ, ಇನ್‌ಫ್ಲುಯೆಂಜಾ ಮಾರಿ ಆ ನಗರವನ್ನೇ ಹಣ್ಣು ಮಾಡುತ್ತಿದ್ದ ಹೊತ್ತಿನಲ್ಲಿ, ಅಲ್ಲಿ ಪಾಠ ಆರಂಭವಾಯಿತು. ಹಣದ ಚೀಲ ಹಿಡಿದವರು ಪ್ರಯೋಗಶಾಲೆಯನ್ನು ಮೆಚ್ಚಿದ್ದರಲ್ಲಿ ವಿಶೇಷವೇನಿಲ್ಲ. ಸೂಕ್ಷ್ಮದರ್ಶಕ ಕಣ್ಣಿಗೆ ಕಾಣುತ್ತದೆ, ಕಕ್ಕಸಿಗೆ ಅಷ್ಟು ಗೌರವವೆಲ್ಲಿ?

ಆದರೂ ಆ ಶಾಲೆಯ ಬಾಗಿಲು ಅಗಲವಾಗಿತ್ತು. ಮೊದಲಿನಿಂದಲೇ ಮಹಿಳೆಯರಿಗೆ ಪ್ರವೇಶವಿತ್ತು. ವೈದ್ಯರಿಗೊಂದು ಪದವಿಯಾದರೆ ವಿಜ್ಞಾನ ಪದವೀಧರರಿಗೆ ಇನ್ನೊಂದು. ಪೋಷಣೆಯ ರಸಾಯನಶಾಸ್ತ್ರ ಕಲಿಸುತ್ತಿದ್ದ ಮೆಕಾಲಮ್ ಎ ಜೀವಸತ್ವದ ಶೋಧನೆಗೆ ಹೆಸರಾದ ರಸಾಯನಶಾಸ್ತ್ರಜ್ಞ. ಸಂಖ್ಯಾಶಾಸ್ತ್ರ ಕಲಿಸುತ್ತಿದ್ದ ರೇಮಂಡ್ ಪರ್ಲ್ ಪ್ರಾಣಿಶಾಸ್ತ್ರದಿಂದ ಬಂದವರು.

ನಮ್ಮ ದೇಶಕ್ಕೆ ಬಂದದ್ದು ಬ್ರಿಟಿಷರ ದಾರಿ. ಅಲ್ಲಿ ಡಬ್ಲಿನ್‌ನಲ್ಲಿ 1871ರಲ್ಲಿ, ಕೇಂಬ್ರಿಜ್‌ನಲ್ಲಿ 1875ರಲ್ಲಿ ಆರಂಭವಾದ ಡಿ.ಪಿ.ಎಚ್. ಡಿಪ್ಲೊಮಾ, ವೈದ್ಯಪದವಿ ಪಡೆದವರ ಮುಂದಿನ ಮೆಟ್ಟಿಲು. 1932ರ ಡಿಸೆಂಬರ್ 30ರಂದು ಕಲ್ಕತ್ತೆಯಲ್ಲಿ ಅಖಿಲ ಭಾರತ ಆರೋಗ್ಯ ಮತ್ತು ಸಾರ್ವಜನಿಕ ಸ್ವಾಸ್ಥ್ಯ ಸಂಸ್ಥೆ ತೆರೆದಾಗ ಕಟ್ಟಡಕ್ಕೆ ರಾಕ್‌ಫೆಲರ್ ಹಣವಿತ್ತು, ಡಿ.ಪಿ.ಎಚ್. ಮಾತ್ರ ವೈದ್ಯರಿಗೇ ಮೀಸಲು. ಅದೇ ದಶಕದಲ್ಲಿ ನಮ್ಮ ಮೈಸೂರು ಸಂಸ್ಥಾನದಲ್ಲೂ ರಾಕ್‌ಫೆಲರ್ ಸಹಕಾರದಿಂದ ಮಂಡ್ಯ ಮತ್ತು ಕ್ಲೋಸ್‌ಪೇಟೆಯಲ್ಲಿ, ಅಂದರೆ ಇಂದಿನ ರಾಮನಗರದಲ್ಲಿ, ಗ್ರಾಮೀಣ ಆರೋಗ್ಯ ಘಟಕಗಳು ಕೆಲಸ ಮಾಡಿದವು.

ಕಲ್ಕತ್ತೆಯ ಸಂಸ್ಥೆಗೆ 1939ರಲ್ಲಿ ನಿರ್ದೇಶಕರಾಗಿ ಬಂದ ಜಾನ್ ಗ್ರಾಂಟ್ ಹುಟ್ಟಿದ್ದು ಚೀನಾದಲ್ಲಿ, ಓದಿದ್ದು ಜಾನ್ಸ್ ಹಾಪ್‌ಕಿನ್ಸ್‌ನಲ್ಲಿ. ಪೀಕಿಂಗ್‌ನ ವೈದ್ಯಕೀಯ ಕಾಲೇಜಿನಲ್ಲಿ ಅವರು ನಗರದ ಒಂದು ಭಾಗವನ್ನೇ ವಿದ್ಯಾರ್ಥಿಗಳ ಪಾಠಶಾಲೆಯಾಗಿಸಿದ್ದರು. ವೈದ್ಯವಿದ್ಯೆಗೆ ಆಸ್ಪತ್ರೆಯ ವಾರ್ಡು ಹೇಗೋ, ಈ ವಿದ್ಯೆಗೆ ಊರು ಹಾಗೆ ಎಂಬುದು ಅವರ ನಿಲುವು. ಹೂಗ್ಲಿ ಜಿಲ್ಲೆಯ ಸಿಂಗೂರಿನ ಆರೋಗ್ಯ ಕೇಂದ್ರ ಕಲ್ಕತ್ತೆಯ ವಿದ್ಯಾರ್ಥಿಗಳಿಗೆ ಅಂತಹ ವಾರ್ಡಾಯಿತು. 1943ರಲ್ಲಿ ನೇಮಕವಾದ ಭೋರ್ ಸಮಿತಿಯಲ್ಲಿ ಗ್ರಾಂಟ್ ಸದಸ್ಯರಾಗಿದ್ದರು. ಪ್ರತಿಯೊಬ್ಬ ವೈದ್ಯನಿಗೂ ರೋಗ ತಡೆಯುವ ಸಾಮಾಜಿಕ ವೈದ್ಯದಲ್ಲಿ ಮೂರು ತಿಂಗಳ ತರಬೇತಿ ಬೇಕೆಂದು ಅದರ 1946ರ ವರದಿ ಹೇಳಿತು. ಮುಂದೆ ವೈದ್ಯಕೀಯ ಕಾಲೇಜುಗಳಲ್ಲಿ ಈ ವಿಷಯಕ್ಕೆ ವಿಭಾಗಗಳೇನೋ ಬಂದವು. ಆದರೆ ವಿಷಯ ಕಾಲೇಜಿನ ಕಾಂಪೌಂಡಿನೊಳಗೇ ಉಳಿಯಿತು. ಅನ್ಯರಿಗೆ ಪ್ರವೇಶವಿರಲಿಲ್ಲ.

ಇದರಿಂದ ನಷ್ಟವೇನು? ಉತ್ತರ ನಮ್ಮ ತುಮಕೂರು ಜಿಲ್ಲೆಯಲ್ಲಿದೆ. ಬೆಂಗಳೂರಿನ ರಾಷ್ಟ್ರೀಯ ಕ್ಷಯರೋಗ ಸಂಸ್ಥೆಯ ಡಿ. ಬ್ಯಾನರ್ಜಿ ಮತ್ತು ಸ್ಟಿಗ್ ಆಂಡರ್ಸನ್ ಅಲ್ಲಿನ ಕ್ಷಯರೋಗಿಗಳನ್ನು ಮಾತನಾಡಿಸಿ 1963ರಲ್ಲಿ ಪ್ರಕಟಿಸಿದ ಅಧ್ಯಯನ ಜಗತ್ತಿನ ಗಮನ ಸೆಳೆಯಿತು. ಹಳ್ಳಿಯವರಿಗೆ ರೋಗದ ಅರಿವಿಲ್ಲ, ಅವರನ್ನು ಹುಡುಕಿಕೊಂಡು ಹೋಗಬೇಕು ಎಂದು ತಿಳಿದಿದ್ದ ಕಾಲ ಅದು. ಕೇಳಿ ನೋಡಿದರೆ, ಬಹುತೇಕ ರೋಗಿಗಳಿಗೆ ತಮ್ಮ ಲಕ್ಷಣಗಳ ಅರಿವಿತ್ತು. ಅರ್ಧಕ್ಕಿಂತ ಹೆಚ್ಚು ಜನ ಆಗಲೇ ಚಿಕಿತ್ಸೆ ಬಯಸಿ ಹೋಗಿದ್ದರು. ಎಷ್ಟೋ ಮಂದಿಗೆ ಸಿಕ್ಕಿದ್ದು ಕೆಮ್ಮಿನ ಔಷಧದ ಒಂದು ಸೀಸೆ. ಎಕ್ಸ್‌ರೇ ಯಂತ್ರ ಇದನ್ನು ಹೇಳಲಾರದು. ಮನೆಯ ಜಗಲಿಯಲ್ಲಿ ಕುಳಿತು ಕೇಳುವ ವಿದ್ಯೆ ಬೇರೆ, ಬಂದ ಉತ್ತರಗಳನ್ನು ಎಣಿಸಿ ತೂಗುವ ವಿದ್ಯೆ ಬೇರೆ, ಎರಡನ್ನೂ ಕಲಿಸಬೇಕಾಗುತ್ತದೆ. ಇದೇ ಬ್ಯಾನರ್ಜಿಯವರು 1970ರ ದಶಕದಲ್ಲಿ ದೆಹಲಿಯ ಜವಾಹರಲಾಲ್ ನೆಹರೂ ವಿಶ್ವವಿದ್ಯಾಲಯದಲ್ಲಿ ಕಟ್ಟಿ ಬೆಳೆಸಿದ ಕೇಂದ್ರದಲ್ಲಿ ಸಮಾಜ ವಿಜ್ಞಾನಿಗಳೂ ವೈದ್ಯರೂ ಒಟ್ಟಿಗೆ ಓದಿದರು.

ತಿರುವನಂತಪುರದ ಶ್ರೀ ಚಿತ್ರಾ ತಿರುನಾಳ್ ಸಂಸ್ಥೆಯ ಅಚ್ಯುತ ಮೆನನ್ ಕೇಂದ್ರದಲ್ಲಿ 1997ರಲ್ಲಿ ಎಂ.ಪಿ.ಎಚ್. ಆರಂಭವಾಯಿತು. 2006ರಲ್ಲಿ ಭಾರತೀಯ ಸಾರ್ವಜನಿಕ ಆರೋಗ್ಯ ಪ್ರತಿಷ್ಠಾನ ಹುಟ್ಟಿದ ಮೇಲೆ ಇಂತಹ ಶಿಕ್ಷಣಗಳ ಸಂಖ್ಯೆ ಬೇಗ ಬೆಳೆಯಿತು. ಈಗ ಹಲವು ವಿಶ್ವವಿದ್ಯಾಲಯಗಳಲ್ಲಿ ಬಿ.ಎಸ್ಸಿ. ಆದವರೂ ಅರ್ಜಿ ಹಾಕಬಹುದು. ಪದವಿಯೇನೋ ಸಿಗುತ್ತದೆ, ಹುದ್ದೆ ಸಿಗುವುದು ಕಷ್ಟ. ಸಾರ್ವಜನಿಕ ಆರೋಗ್ಯಕ್ಕೇ ಮೀಸಲಾದ ಇಲಾಖೆಯನ್ನೂ ಅಧಿಕಾರಿವರ್ಗವನ್ನೂ ಹಿಂದಿನಿಂದ ಉಳಿಸಿಕೊಂಡು ಬಂದಿರುವುದಕ್ಕೆ ತಮಿಳುನಾಡು ಹೆಸರಾಗಿದೆ. ಅಂತಹ ವರ್ಗ ಎಲ್ಲ ರಾಜ್ಯಗಳಲ್ಲೂ ಇರಬೇಕೆಂದು 2017ರ ರಾಷ್ಟ್ರೀಯ ಆರೋಗ್ಯ ನೀತಿ ಹೇಳಿತು. ವಿಜ್ಞಾನ ಓದಿ ಎಂ.ಪಿ.ಎಚ್. ಪಡೆದ ಹುಡುಗಿಯೊಬ್ಬಳು ತಾಲ್ಲೂಕು ಮಟ್ಟದ ಸರ್ಕಾರಿ ಕೆಲಸಕ್ಕೆ ಅರ್ಜಿ ಹಾಕಲು ಹೋದರೆ, ಎಷ್ಟೋ ಕಡೆ ಅವಳ ಮುಂದೆ ಬರುವ ಮೊದಲ ಷರತ್ತು ಇಂದಿಗೂ ಎಂ.ಬಿ.ಬಿ.ಎಸ್.