ಅಳಿವೆ ಬಾಗಿಲು, ಮಂಜಿ ಮತ್ತು ಒಬ್ಬ ಡಚ್ಚನ ರಜೆ

ನಮ್ಮ ಪ್ರಾಜೆಕ್ಟಿನಲ್ಲಿ ಒಬ್ಬ ಡಚ್ಚನಿದ್ದಾನೆ. ಬೇಸಿಗೆ ಬಂತೆಂದರೆ ಮೂರು ವಾರ ರಜೆ ಹಾಕಿ ಹಾಯಿದೋಣಿ ಹತ್ತುತ್ತಾನೆ. ಹಾರ್ಲಿಂಗನ್, ಎಂಕ್‌ಹೌಸನ್, ಹೋರ್ನ್ ಅಂತ ಒಂದೊಂದು ಬಂದರಿನಲ್ಲಿ ಒಂದೊಂದು ರಾತ್ರಿ. ಅಲ್ಲಿಂದ ಕಾಲುವೆಗಳಿಗಿಳಿದು ಊರುಗಳ ನಡುವೆಯೇ ಹಾದುಹೋಗುತ್ತಾನಂತೆ. ದೋಣಿಯ ಕಂಬ ತಾಗುತ್ತದೆ ಅಂತ ರಸ್ತೆಯ ಸೇತುವೆಯನ್ನೇ ಎತ್ತಿ ದಾರಿ ಬಿಡುತ್ತಾರೆ, ಕಾರುಗಳು ಕಾಯುತ್ತವೆ! ಈ ಸಲ ವಾಪಸು ಬಂದವನು ಕೇಳಿದ, "ಮಂಗಳೂರೂ ಬಂದರು ತಾನೆ? ಎರಡು ನದಿ ಬೇರೆ ಇವೆ. ನೀವೆಲ್ಲ ಎಲ್ಲಿ ಹಾಯಿ ಬಿಡ್ತೀರಿ?"

ಈಗ ಬಿಡೋದಿಲ್ಲ ಮಾರಾಯ, ಅಂದೆ. ಆದರೆ ಬಿಡುತ್ತಿದ್ದೆವು. ಅವನ ಕಡೆಯವರ ಹಡಗುಗಳು ಈ ಕಡಲಿಗೆ ಬರುವುದಕ್ಕೆ ನಾನೂರೈವತ್ತು ವರ್ಷ ಮೊದಲೇ ಇಲ್ಲಿ ಬಂದರಿನ ವ್ಯಾಪಾರ ಜೋರಾಗಿತ್ತು. ಆಫೀಸಿನ ಕಾಲ್‌ನಲ್ಲಿ ಹೇಳಿ ಮುಗಿಯುವ ಕತೆ ಅಲ್ಲ ಇದು, ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ಸ್ವಲ್ಪ ಭೂಗೋಳ. ನೇತ್ರಾವತಿ ಪೂರ್ವದಿಂದ ಬಂದು ಕಡಲು ಸೇರುತ್ತದೆ. ಗುರುಪುರ ಹೊಳೆಯ (ಫಲ್ಗುಣಿ ಅಂತಲೂ ಹೆಸರು) ಸ್ವಭಾವ ಬೇರೆ. ಕೂಳೂರಿನ ಹತ್ತಿರ ಕಡಲು ಇನ್ನೇನು ಸಿಕ್ಕಿತು ಅನ್ನುವಾಗ ದಕ್ಷಿಣಕ್ಕೆ ತಿರುಗಿ, ತಣ್ಣೀರುಬಾವಿ-ಬೆಂಗ್ರೆಯ ಮರಳುಪಟ್ಟಿಯನ್ನು ನಡುವೆ ಇಟ್ಟುಕೊಂಡು ಕಡಲಿನ ಪಕ್ಕದಲ್ಲೇ ಹರಿದು ನೇತ್ರಾವತಿಯನ್ನು ಕೂಡಿಕೊಳ್ಳುತ್ತದೆ. ಎರಡೂ ಒಟ್ಟಾಗಿ ಕಡಲಿಗೆ ಬೀಳುವ ಜಾಗವೇ ಅಳಿವೆ ಬಾಗಿಲು. ಮರಳುಪಟ್ಟಿಯ ಹಿಂದಿನ ನೀರಿಗೆ ಕಡಲಿನ ಅಲೆ ಬರುವುದಿಲ್ಲ. ಹಳೇ ಬಂದರು ಇರುವುದು ಅಲ್ಲೇ. ಡಚ್ಚರು 1932ರಲ್ಲಿ 32 ಕಿಲೋಮೀಟರ್ ಉದ್ದದ ಕಟ್ಟೆ ಹಾಕಿ ಕಡಲನ್ನು ಹೊರಗಿಟ್ಟರು. ನಮಗೆ ಆ ಕೆಲಸವನ್ನು ಹೊಳೆ ಮತ್ತು ಮರಳು ಸೇರಿ ಪುಕ್ಕಟೆ ಮಾಡಿಕೊಟ್ಟಿವೆ.

ಆದರೆ ಈ ಬಾಗಿಲಿಗೆ ಬೀಗ ಹಾಕುವುದೂ ಮರಳೇ. ಮಳೆಗಾಲದಲ್ಲಿ ಹೊಳೆಗಳು ಉಕ್ಕಿ ಮರಳನ್ನು ಹೊರಗೆ ನೂಕುತ್ತವೆ, ಮಳೆ ನಿಂತ ಮೇಲೆ ಕಡಲು ಅದನ್ನು ತಿರುಗಿ ಒಳಗೆ ದಬ್ಬುತ್ತದೆ. ಬಾಗಿಲಿನಲ್ಲಿ ಆಳ ಕಡಿಮೆ, ಅದೂ ಒಂದು ವರ್ಷ ಇದ್ದ ಹಾಗೆ ಇನ್ನೊಂದು ವರ್ಷ ಇಲ್ಲ. ದೊಡ್ಡ ಹಡಗುಗಳು ಹೊರಗೆ ಕಡಲಿನಲ್ಲೇ ಲಂಗರು ಹಾಕಬೇಕು, ಸಾಮಾನನ್ನು ಸಣ್ಣ ದೋಣಿಗಳು ಒಳಗೆ ತರಬೇಕು. ಹಾಯಿಯ ಸಣ್ಣ ಹಡಗುಗಳು ಉಬ್ಬರ ನೋಡಿ ಒಳಗೆ ಬರುತ್ತಿದ್ದವು. ಬೆಳಿಗ್ಗೆ ನೆಲದ ಗಾಳಿ ಹಿಡಿದು ಹೊರಡುವುದು, ಮಧ್ಯಾಹ್ನದ ಕಡಲ ಗಾಳಿಗೆ ದಡ ಸೇರುವುದು. ಮಳೆಗಾಲದಲ್ಲಿ ಪೂರ್ತಿ ಬಂದ್.

ಈ ಕ್ಯಾಲೆಂಡರ್ ಎಷ್ಟು ಹಳೆಯದು ಗೊತ್ತಾ? 1130ರ ದಶಕದಲ್ಲಿ ಅಬ್ರಹಾಂ ಬೆನ್ ಯಿಜು ಎಂಬ ಯಹೂದಿ ವ್ಯಾಪಾರಿ ಮಂಗಳೂರಿನಲ್ಲಿ ನೆಲೆಸಿದ್ದ. ಇಲ್ಲಿಂದ ಮೆಣಸು, ಅಡಿಕೆ, ಕಂಚಿನ ಪಾತ್ರೆ ಏಡನ್‌ಗೆ ಹೋಗುತ್ತಿದ್ದವು. ಅಲ್ಲಿಂದ ಕಾಗದ, ಸಕ್ಕರೆ, ಒಣದ್ರಾಕ್ಷಿ ಬರುತ್ತಿದ್ದವು. ಅವನ ಪತ್ರಗಳು ಕೈರೋದ ಒಂದು ಪ್ರಾರ್ಥನಾಮಂದಿರದಲ್ಲಿ ಉಳಿದುಕೊಂಡವು. ಅಮಿತಾವ್ ಘೋಷ್ 1992ರ ತಮ್ಮ 'ಇನ್ ಆ್ಯನ್ ಆಂಟಿಕ್ ಲ್ಯಾಂಡ್' ಪುಸ್ತಕದಲ್ಲಿ ಬೆನ್ ಯಿಜುವಿನ ಆಳೊಬ್ಬನ ಬೆನ್ನು ಹತ್ತುತ್ತಾರೆ. ಅವನ ಹೆಸರು ಬೊಮ್ಮ ಅಂತ ಬಿಡಿಸಲು ನಮ್ಮ ಬಿ. ಎ. ವಿವೇಕ ರೈಯವರು ನೆರವಾದರು. ಯಜಮಾನನ ವ್ಯಾಪಾರದ ಮೇಲೆ ಏಡನ್‌ಗೆ ಹೋಗಿದ್ದ ಈ ಬೊಮ್ಮ ಅಲ್ಲಿ ಕುಡಿದು, ಇನ್ನಷ್ಟು ದುಡ್ಡು ಕೊಡಿ ಅಂತ ಗಲಾಟೆ ಮಾಡಿದ ಬಗ್ಗೆ ಪತ್ರದಲ್ಲಿ ದೂರಿದೆ :) ಆನ್‌ಸೈಟ್‌ಗೆ ಹೋದ ಮೊದಲ ಮಂಗಳೂರಿಗ ಇವನೇ ಇರಬೇಕು. ಮಳೆಗಾಲದ ಗಾಳಿಯ ಕೊನೆಯಲ್ಲಿ ಹಡಗು ಏಡನ್‌ನಿಂದ ಈಚೆ, ಚಳಿಗಾಲದ ಗಾಳಿಗೆ ಇಲ್ಲಿಂದ ಆಚೆ. ಒಂದು ಮೇಲ್ ಮತ್ತು ಅದಕ್ಕೊಂದು ರಿಪ್ಲೈ ಅಂದರೆ ಹತ್ತಿರ ಹತ್ತಿರ ಒಂದು ವರ್ಷ!

ಡಚ್ಚರೂ ಬಂದರು ಅನ್ನಿ. 1602ರಲ್ಲಿ ಶುರುವಾದ ಅವರ ಈಸ್ಟ್ ಇಂಡಿಯಾ ಕಂಪೆನಿಗೆ ಆರು ಶಾಖೆಗಳಿದ್ದವು. ನಮ್ಮವನು ರಜೆ ಕಳೆಯುವ ಹೋರ್ನ್, ಎಂಕ್‌ಹೌಸನ್ ಅವುಗಳಲ್ಲಿ ಎರಡು. ಕೆಳದಿಯ ಶಿವಪ್ಪ ನಾಯಕ 1650ರ ದಶಕದಲ್ಲಿ ಪೋರ್ಚುಗೀಸರನ್ನು ಇಲ್ಲಿನ ಕೋಟೆಗಳಿಂದ ಓಡಿಸಿದ ಮೇಲೆ ಡಚ್ಚರು ಕುಂದಾಪುರದ ಹತ್ತಿರದ ಬಸ್ರೂರಿನಲ್ಲಿ ಕೋಠಿ ಇಟ್ಟುಕೊಂಡರು. ಅವರಿಗೆ ಮುಖ್ಯವಾಗಿ ಬೇಕಿದ್ದದ್ದು ಮೆಣಸು ಮತ್ತು ನಮ್ಮ ಗದ್ದೆಗಳ ಅಕ್ಕಿ. ಬಸ್ರೂರು ಇರುವುದು ಕಡಲತೀರದಲ್ಲಲ್ಲ, ಹೊಳೆಯಲ್ಲಿ ಒಳಗೆ ಬಂದ ಮೇಲೆ. 1665ರ ಫೆಬ್ರವರಿಯಲ್ಲಿ ಶಿವಾಜಿ ಮಾಲ್ವಣದಿಂದ ಹಡಗುಗಳಲ್ಲಿ ಬಂದು ಲೂಟಿ ಮಾಡಿದ್ದೂ ಇದೇ ಊರನ್ನು. ಇಂದು ಬಸ್ರೂರಿಗೆ ಹೋದರೆ ಇದೊಂದು ಬಂದರಾಗಿತ್ತು ಅಂತ ಯಾರಾದರೂ ಹೇಳಿಯೇ ಗೊತ್ತಾಗಬೇಕು.

ಮಂಗಳೂರಿನಲ್ಲಿ ಕುರುಹುಗಳು ಹೆಚ್ಚು. ಗುರುಪುರ ಹೊಳೆಯೊಳಗೆ ಯುದ್ಧನೌಕೆ ನುಗ್ಗಬಾರದು ಅಂತ ಟಿಪ್ಪು 1784ರಲ್ಲಿ ಕಟ್ಟಿಸಿದ ಸುಲ್ತಾನ್ ಬತ್ತೇರಿ ಇದೆ. ಪೇಟೆಯ ನಡುವಿನ ಬಾವುಟಗುಡ್ಡೆಗೆ ಇನ್ನೊಂದು ಹೆಸರು ಲೈಟ್‌ಹೌಸ್ ಹಿಲ್. ಎರಡೂ ಹೆಸರಿನಲ್ಲಿ ಹಡಗಿದೆ, ಆದರೆ ಅಲ್ಲಿ ನಿಂತವರ ಗಮನ ಇರುವುದು ಟ್ರಾಫಿಕ್ ಮೇಲೆ.

ನನಗೆ ಎಲ್ಲಕ್ಕಿಂತ ಇಷ್ಟವಾಗುವುದು ಮಂಜಿಗಳ ಕತೆ. ಮಂಜಿ ಅಂದರೆ ಮರದ ಸರಕು ಹಡಗು. ಹಿಂದೆ ಹಾಯಿ ಇತ್ತು, ಈಗ ಇಂಜಿನ್. ಲಕ್ಷದ್ವೀಪದ ಅಮಿನಿದಿವಿ ದ್ವೀಪಗಳು 1787ರಲ್ಲಿ ಟಿಪ್ಪುವಿನ ಕೈಗೆ ಬಂದವು. 1799ರ ನಂತರ ಬ್ರಿಟಿಷರು ಅವನ್ನು ದಕ್ಷಿಣ ಕನ್ನಡ ಜಿಲ್ಲೆಗೆ ಸೇರಿಸಿದರು. 1956ರ ತನಕ ಆ ದ್ವೀಪಗಳಿಗೆ ಮಂಗಳೂರೇ ಜಿಲ್ಲಾ ಕೇಂದ್ರ! ದ್ವೀಪದವರು ತೆಂಗಿನ ನಾರಿನ ಹುರಿ ತಂದು ಸರಕಾರಕ್ಕೆ ಒಪ್ಪಿಸಿ ಅಕ್ಕಿ ಒಯ್ಯಬೇಕಿತ್ತು. ಹುರಿ ಸರಕಾರದ ಏಕಸ್ವಾಮ್ಯ, ಅದಕ್ಕೆ ಎಷ್ಟು ಅಕ್ಕಿ ಎಂಬ ದರವೂ ಅವರದೇ. ಕಡಲು ದಾಟಿ ಬಂದವನು ಚೌಕಾಸಿ ಮಾಡುವ ಹಾಗಿರಲಿಲ್ಲ. ಅದು ಹೋಯಿತು, ಆದರೆ ದ್ವೀಪಕ್ಕೆ ಸಾಮಾನು ಹೊತ್ತ ಮಂಜಿಗಳು ಹಳೇ ಬಂದರಿನಿಂದ ಈಗಲೂ ಹೊರಡುತ್ತವೆ. ಮಳೆಗಾಲದಲ್ಲಿ ಕಟ್ಟಿಹಾಕುತ್ತಾರೆ. ಬೆನ್ ಯಿಜುವಿನ ಕ್ಯಾಲೆಂಡರೇ.

ಒಳನಾಡಿಗೂ ನೀರಿನ ದಾರಿಯಿತ್ತು. ಘಟ್ಟದಿಂದ ಇಳಿದ ಸರಕು ಬಂಟ್ವಾಳದಲ್ಲಿ ದೋಣಿ ಹತ್ತಿ ನೇತ್ರಾವತಿಯಲ್ಲಿ ಮಂಗಳೂರಿಗೆ ಬರುತ್ತಿತ್ತು. 1865ರಲ್ಲಿ ಜೆಪ್ಪುವಿನಲ್ಲಿ ಬಾಸೆಲ್ ಮಿಷನ್‌ನವರು ಹಂಚಿನ ಕಾರ್ಖಾನೆ ಹಾಕಿದರು, ಆಮೇಲೆ ಹೊಳೆಬದಿಯಲ್ಲಿ ಸಾಲುಸಾಲು ಕಾರ್ಖಾನೆಗಳೆದ್ದವು. ಹೊಳೆಬದಿಯೇ ಯಾಕೆ? ಆವೆಮಣ್ಣು ಮತ್ತು ಕಟ್ಟಿಗೆ ದೋಣಿಯಲ್ಲಿ ಬರುತ್ತಿದ್ದವು, ಸುಟ್ಟ ಹಂಚು ದೋಣಿಯಲ್ಲೇ ಬಂದರಿಗೆ ಹೋಗುತ್ತಿತ್ತು. 1907ರಲ್ಲಿ ರೈಲು ಬಂತು. ನಂತರ ರಸ್ತೆ, ಲಾರಿ. ಹಳೇ ಬಂದರಿನ ಮರಳಿನ ಜತೆ ಗುದ್ದಾಡುವುದನ್ನು ಬಿಟ್ಟು ಪಣಂಬೂರಿನಲ್ಲಿ ನೆಲ ಅಗೆದು ಹೊಸ ಬಂದರು ಮಾಡಿದರು, 1975ರಲ್ಲಿ ಇಂದಿರಾ ಗಾಂಧಿ ಉದ್ಘಾಟಿಸಿದರು. ಅದು ಸರಿಯಾದ ನಿರ್ಧಾರವೇ. ದೊಡ್ಡ ಹಡಗಿಗೆ ಅಳಿವೆ ಬಾಗಿಲು ಸಾಲದು.

ಆದರೆ ಮುಂದಿನದ್ದು ನೋಡಿ. 2016ರ ರಾಷ್ಟ್ರೀಯ ಜಲಮಾರ್ಗ ಕಾಯ್ದೆಯ 111 ಜಲಮಾರ್ಗಗಳಲ್ಲಿ ನೇತ್ರಾವತಿಯೂ ಇದೆ, ಗುರುಪುರ ಹೊಳೆಯೂ ಇದೆ. ನೇತ್ರಾವತಿಯದ್ದು 78 ಕಿಲೋಮೀಟರ್. ಓದಲು ಚೆನ್ನಾಗಿದೆ. ಆದರೆ ಈ ದಾರಿಗೆ ಅಡ್ಡಲಾಗಿ ಹರೇಕಳ-ಅಡ್ಯಾರ್ ನಡುವೆ ಉಪ್ಪುನೀರು ತಡೆಯುವ ಕಿಂಡಿ ಅಣೆಕಟ್ಟು ಇದೆ. ಮೇಲೆ ಹೋದರೆ ಊರಿಗೆ ಕುಡಿಯುವ ನೀರು ಕೊಡುವ ತುಂಬೆ ಡ್ಯಾಂ, ಇನ್ನೂ ಮೇಲೆ ಶಂಭೂರಿನದ್ದು. ಇವೆಲ್ಲ ಬೇಕಾದವೇ, ಬೇಡ ಅನ್ನುತ್ತಿಲ್ಲ. ಹರೇಕಳದವರು ದೋಣಿಗೆ ಕಾಯುವುದು ತಪ್ಪಿದ್ದೇ ಆ ಅಣೆಕಟ್ಟಿನ ಮೇಲಿನ ಸೇತುವೆಯಿಂದ. ಆದರೆ ಡಚ್ಚರು ನೀರಿಗೆ ಕಟ್ಟೆ ಹಾಕಿದಲ್ಲಿ ದೋಣಿಯನ್ನು ಏರಿಸಿ ಇಳಿಸುವ ಒಂದು ಕೋಣೆಯನ್ನೂ ಕಟ್ಟುತ್ತಾರೆ. ಎರಡು ಗೇಟು, ನಡುವೆ ನೀರು, ಅಷ್ಟೇ. ನಾವು ಕಟ್ಟೆ ಹಾಕುವಾಗ ದೋಣಿಯ ನೆನಪೇ ಇರಲಿಲ್ಲ. ಜಲಮಾರ್ಗ ಅಂತ ಘೋಷಿಸಿದ ಇಲಾಖೆ ಒಂದು, ಅಣೆಕಟ್ಟು ಕಟ್ಟಿದ್ದು ಇನ್ನೊಂದು. ಇಬ್ಬರೂ ಒಂದೇ ಹೊಳೆಯ ನಕ್ಷೆಯನ್ನು ಜತೆಗೆ ಕೂತು ನೋಡಿದ ಹಾಗೆ ಕಾಣುವುದಿಲ್ಲ.

ಗುರುಪುರ ಹೊಳೆಯ ಕೊನೆಯ ಭಾಗಕ್ಕೆ ಈ ತೊಂದರೆ ಇಲ್ಲ. ಅಲ್ಲಿ ದೋಣಿಗೆ ಕೆಲಸವೂ ಇದೆ. ಬಂದರಿನ ಕಡೆಯಿಂದ ಎದುರಿನ ಬೆಂಗ್ರೆಗೆ ಫೆರಿಯಲ್ಲಿ ಕೆಲವೇ ನಿಮಿಷ, ರಸ್ತೆಯಲ್ಲಾದರೆ ಕೂಳೂರು ಸುತ್ತಿ ಹೋಗಬೇಕು. ಶಾಲೆಯ ಮಕ್ಕಳು, ಮೀನಿನ ಬುಟ್ಟಿ ಹಿಡಿದ ಹೆಂಗಸರು, ದಕ್ಕೆಗೆ ಕೆಲಸಕ್ಕೆ ಬರುವವರು ಎಲ್ಲರೂ ಅದರಲ್ಲೇ. ಮಂಗಳೂರಿಗೆ ಬಂದಾಗ ಒಮ್ಮೆ ಹತ್ತಿ ನೋಡಿ. ಆಚೆ ದಡ ಸಿಗುವವರೆಗೂ ಎಡಕ್ಕೆ ಅಳಿವೆಯ ಕಡೆ ನೋಡುತ್ತಾ ಇರಿ, ಮಳೆಗಾಲ ಅಲ್ಲದಿದ್ದರೆ ಒಂದಾದರೂ ಮಂಜಿ ಕಾಣಬಹುದು.