ಹಳೆಯ ಒಡಲಿಗೆ ಹೊಸ ಎಂಜಿನ್



ಶಿವಾಜಿನಗರದ ಗುಜರಿ ಗಲ್ಲಿಗಳಲ್ಲಿ ನೀವು ಎಂದಾದರೂ ನಡೆದಾಡಿದ್ದೀರಾ? ಬಿಚ್ಚಿಟ್ಟ ಕಾರಿನ ಬಾಗಿಲುಗಳು ಒಂದು ಕಡೆ, ದೀಪಗಳು ಇನ್ನೊಂದು ಕಡೆ, ಎಣ್ಣೆ ಹಿಡಿದ ಎಂಜಿನ್‌ಗಳು ಮತ್ತೊಂದು ಕಡೆ. ನಮ್ಮ ನಿಮ್ಮ ಕಣ್ಣಿಗೆ ಅದು ಹಳೇ ಕಬ್ಬಿಣ. ಕಸಬು ಬಲ್ಲ ಮೆಕ್ಯಾನಿಕ್ ಅಲ್ಲಿ ನೋಡುವುದೇ ಬೇರೆ. ಯಾವ ಗಾಡಿಯ ಎಂಜಿನ್ ಯಾವ ಗಾಡಿಯೊಳಗೆ ಕೂರುತ್ತದೆ, ಯಾವುದು ಕೂರುವುದಿಲ್ಲ ಎಂಬ ಲೆಕ್ಕ ಅವನ ತಲೆಯಲ್ಲಿ ಓಡುತ್ತಿರುತ್ತದೆ.

ಹಳೆಯ ಸಣ್ಣ ಕಾರಿಗೆ ಹೆಚ್ಚು ಶಕ್ತಿಯ ಎಂಜಿನ್ ಜೋಡಿಸುವುದನ್ನು ಅನೇಕರು ಶೋಕಿ ಎಂದು ತಿಳಿಯುತ್ತಾರೆ. ಆದರೆ ಇದಕ್ಕೊಂದು ಇತಿಹಾಸವಿದೆ. ಆ ಇತಿಹಾಸದ ಒಂದು ಮುಖ್ಯ ಅಧ್ಯಾಯ ನಮ್ಮ ದಂಡು ಪ್ರದೇಶದಲ್ಲೂ ಅದರ ಪೂರ್ವಕ್ಕಿರುವ ಬಡಾವಣೆಗಳಲ್ಲೂ ನಡೆದಿದೆ. ಬನ್ನಿ, ಅದನ್ನು ಸ್ವಲ್ಪ ಬಿಡಿಸಿ ನೋಡೋಣ.

ಕಾರು ಹಳತಾಯಿತು, ಹೊಸದು ಬರಲಿಲ್ಲ

ಬ್ರಿಟಿಷರು ಬೆಂಗಳೂರು ದಂಡು ಪ್ರದೇಶವನ್ನು ಸ್ಥಾಪಿಸಿದ್ದು 1809ರಲ್ಲಿ. ಇಪ್ಪತ್ತನೆಯ ಶತಮಾನದಲ್ಲಿ ಆಸ್ಟಿನ್, ಮಾರಿಸ್‌ನಂತಹ ಇಂಗ್ಲಿಷ್ ಸಣ್ಣ ಕಾರುಗಳು ಇಲ್ಲಿನ ಬೀದಿಗಳಿಗೆ ಬಂದವು. 1930ರ ದಶಕದಲ್ಲಿ ಸರ್ ಎಂ. ವಿಶ್ವೇಶ್ವರಯ್ಯನವರು ನಮ್ಮಲ್ಲೇ ಮೋಟಾರು ಕಾರ್ಖಾನೆ ಆಗಬೇಕೆಂದು ಯೋಜನೆ ತಯಾರಿಸಿದರು. ಮೈಸೂರು ಸರ್ಕಾರ ನೆರವಿಗೆ ಮುಂದೆ ಬಂದರೂ ಬ್ರಿಟಿಷ್ ಸರ್ಕಾರದ ಒಪ್ಪಿಗೆ ದೊರೆಯಲಿಲ್ಲ. ಆ ಯೋಜನೆಯಲ್ಲಿ ಆಸಕ್ತಿ ವಹಿಸಿದ್ದ ಉದ್ಯಮಿ ವಾಲ್‌ಚಂದ್ ಹೀರಾಚಂದ್ 1940ರಲ್ಲಿ ಬೆಂಗಳೂರಿನಲ್ಲಿ ವಿಮಾನ ಕಾರ್ಖಾನೆಯನ್ನೂ 1944ರಲ್ಲಿ ಮುಂಬಯಿಯಲ್ಲಿ ಪ್ರೀಮಿಯರ್ ಆಟೊಮೊಬೈಲ್ಸ್ ಕಂಪನಿಯನ್ನೂ ಆರಂಭಿಸಿದರು. ಹೀಗೆ ನಮಗೆ ಎಚ್‌ಎಎಲ್ ಸಿಕ್ಕಿತು, ಕಾರು ಮುಂಬಯಿಗೆ ಹೋಯಿತು. ಈ ಎರಡು ಕಾರ್ಖಾನೆಗಳ ನಂಟನ್ನು ನೆನಪಿಡಿ, ಮುಂದೆ ಬೇಕಾಗುತ್ತದೆ.

ಸ್ವಾತಂತ್ರ್ಯದ ನಂತರ ವಿದೇಶಿ ಕಾರುಗಳ ಆಮದಿಗೆ ಕಟ್ಟುನಿಟ್ಟಾದ ಮಿತಿ ಬಂತು. ಜನರಲ್ ಮೋಟಾರ್ಸ್ ಕಂಪನಿ 1954ರಲ್ಲಿ ಮುಂಬಯಿಯ ತನ್ನ ಜೋಡಣೆ ಘಟಕವನ್ನು ಮುಚ್ಚಿತು. ಮುಂದಿನ ಸುಮಾರು ಮೂವತ್ತು ವರ್ಷ ಜನರ ಆಯ್ಕೆಗೆ ಉಳಿದದ್ದು ಮುಖ್ಯವಾಗಿ ಅಂಬಾಸಡರ್, ಫಿಯೆಟ್ ಮತ್ತು ಮದ್ರಾಸಿನ ಸ್ಟ್ಯಾಂಡರ್ಡ್. ಹಳೆಯ ಇಂಗ್ಲಿಷ್ ಕಾರಿನ ಎಂಜಿನ್ ಸವೆದರೆ ಅದರ ಬಿಡಿಭಾಗ ಸಿಗುವುದೇ ಕಷ್ಟವಾಯಿತು. ಆಗ ಸಿಕ್ಕ ಎಂಜಿನ್ ಹಾಕುವುದೇ ದಾರಿ. 1970ರ ದಶಕದಲ್ಲಿ ಪೆಟ್ರೋಲ್ ಬೆಲೆ ಏರಿದ ಮೇಲೆ ಅಂಬಾಸಡರ್‌ಗೆ ಡೀಸೆಲ್ ಎಂಜಿನ್ ಹಾಕಿಸುವ ರೂಢಿಯೂ ಬೆಳೆಯಿತು. ಮೆಟಡಾರ್ ವ್ಯಾನಿನ ಎಂಜಿನ್ ಹೊತ್ತ ಅಂಬಾಸಡರ್‌ಗಳನ್ನು ಹಿರಿಯ ಚಾಲಕರು ಇಂದಿಗೂ ನೆನೆಯುತ್ತಾರೆ.

ಈ ಕೆಲಸಕ್ಕೆ ಬೇಕಾದ ಕುಶಲ ಕೈಗಳು ಪೂರ್ವ ಬೆಂಗಳೂರಿನಲ್ಲಿ ಹೇರಳವಾಗಿದ್ದವು. ಎಚ್‌ಎಎಲ್‌ನ ಜೊತೆಗೆ ಕೆ.ಆರ್. ಪುರದ ಬಳಿಯ ದೂರವಾಣಿನಗರದಲ್ಲಿ 1948ರಲ್ಲಿ ಐಟಿಐ ಬಂತು. 1956ರಲ್ಲಿ ಬೈಯಪ್ಪನಹಳ್ಳಿಯಲ್ಲಿ ಆರಂಭವಾದ ಎನ್‌ಜಿಇಎಫ್ 2002ರವರೆಗೆ ನಡೆಯಿತು. ಲೇತ್ ನಡೆಸುವವರು, ಫಿಟ್ಟರ್‌ಗಳು, ಮಿಲಿಮೀಟರಿನ ನೂರನೆಯ ಒಂದು ಭಾಗವನ್ನೂ ಅಳೆಯಬಲ್ಲವರು ಈ ಭಾಗದ ಬೀದಿಬೀದಿಯಲ್ಲಿ ವಾಸವಾಗಿದ್ದರು.

ಕಾರ್ಖಾನೆಯೂ ಅದನ್ನೇ ಮಾಡಿತು

ಗ್ಯಾರೇಜಿನ ಈ ಉಪಾಯವನ್ನು ದೊಡ್ಡ ಕಾರ್ಖಾನೆಗಳೂ ಅನುಸರಿಸಿದವು ಎಂದರೆ ನಿಮಗೆ ಆಶ್ಚರ್ಯವಾದೀತು. 1985ರಲ್ಲಿ ಬಂದ ಪ್ರೀಮಿಯರ್ 118 ಎನ್‌ಇ ಕಾರನ್ನು ನೋಡಿ. ಅದರ ಒಡಲು 1966ರ ಫಿಯೆಟ್ 124ರದ್ದು, ಎಂಜಿನ್ ಜಪಾನಿನ ನಿಸಾನ್‌ನ 1171 ಸಿಸಿಯದು. ಹೆಸರಿನಲ್ಲಿರುವ ಎನ್‌ಇ ಎಂದರೆ ನಿಸಾನ್ ಎಂಜಿನ್! 1984ರಲ್ಲಿ ಬಂದ ಕಾಂಟೆಸಾ ಕಾರಿನ ಭಾರೀ ಒಡಲಿಗೆ ಮೊದಲು ಅಂಬಾಸಡರ್‌ನ 1489 ಸಿಸಿ ಎಂಜಿನ್ ಹಾಕಿದ್ದರು. ಸುಮಾರು 50 ಅಶ್ವಶಕ್ತಿ ಆ ಭಾರಕ್ಕೆ ಸಾಲದೆ ಹೋಯಿತು. ಕೆಲವೇ ವರ್ಷಗಳಲ್ಲಿ ಅದಕ್ಕೆ 1817 ಸಿಸಿಯ ಇಸುಜು ಎಂಜಿನ್ ಬಂತು. 1992ರಲ್ಲಿ ಅದೇ ಇಸುಜು ಎಂಜಿನ್ ಅಂಬಾಸಡರ್‌ನೊಳಗೂ ಕುಳಿತಿತು, ಐದು ಗೇರುಗಳ ಹೊಸ ಗೇರ್‌ಬಾಕ್ಸ್ ಸಮೇತವಾಗಿ.

ಈ ‘ಸಮೇತ’ ಎನ್ನುವ ಮಾತನ್ನು ಗಮನಿಸಿ. ಇಂಗ್ಲೆಂಡಿನ ಪುಟ್ಟ ಮಿನಿ ಕಾರಿನ ಕಥೆಯೂ ಇದನ್ನೇ ಹೇಳುತ್ತದೆ. 1959ರ ಮಿನಿಗೆ 848 ಸಿಸಿಯ, 34 ಅಶ್ವಶಕ್ತಿಯ ಎಂಜಿನ್ ಇತ್ತು. ರೇಸಿಂಗ್ ಕಾರುಗಳ ನಿರ್ಮಾಪಕ ಜಾನ್ ಕೂಪರ್ ಅದರ ಸಾಧ್ಯತೆಯನ್ನು ಗುರುತಿಸಿದ. 1961ರ ಮಿನಿ ಕೂಪರ್ 997 ಸಿಸಿ ಎಂಜಿನ್‌ನಿಂದ 55 ಅಶ್ವಶಕ್ತಿ ಪಡೆಯಿತು. ಆದರೆ ಅದೇ ಹೊತ್ತಿಗೆ ಮುಂಚಕ್ರಗಳಿಗೆ ಡಿಸ್ಕ್ ಬ್ರೇಕ್ ಕೂಡ ಬಂತು. ಅದೇ ವಂಶದ ಕೂಪರ್ ಎಸ್ 1964ರಲ್ಲಿ ಮಾಂಟೆ ಕಾರ್ಲೊ ರ‍್ಯಾಲಿಯನ್ನೇ ಗೆದ್ದಿತು.

ಲೆಕ್ಕ ಎಲ್ಲಿ ತಪ್ಪುತ್ತದೆ?

ನಮ್ಮ ಮಾರುತಿ ಕಾರುಗಳಲ್ಲಿ ಒಂದು ಉದಾಹರಣೆ ತೆಗೆದುಕೊಳ್ಳೋಣ. 1993ರ ಜೆನ್ ಕಾರಿನ ಎಂಜಿನ್ 993 ಸಿಸಿ, 50 ಅಶ್ವಶಕ್ತಿ. ಮರುವರ್ಷ ಬಂದ ಎಸ್ಟೀಮ್‌ನದು 1298 ಸಿಸಿ, 65 ಅಶ್ವಶಕ್ತಿ. ಎರಡೂ ಒಂದೇ ಕುಟುಂಬದ ಎಂಜಿನ್‌ಗಳು. ಆದ್ದರಿಂದ ರ‍್ಯಾಲಿ ಮತ್ತು ರೇಸಿನ ಹವ್ಯಾಸಿಗಳು ಜೆನ್‌ಗೆ ಎಸ್ಟೀಮ್ ಎಂಜಿನ್ ಕೂರಿಸಿದರು. ಹಗುರ ಕಾರು, ಹೆಚ್ಚು ಶಕ್ತಿ. ಕಾರು ಚಿಮ್ಮಿ ಓಡುವುದರಲ್ಲಿ ಸಂಶಯವಿಲ್ಲ.

ಈಗ ನಿಮ್ಮ ಭೌತಶಾಸ್ತ್ರದ ಪುಸ್ತಕ ತೆರೆಯಿರಿ. ಚಲನಶಕ್ತಿಯು ವೇಗದ ವರ್ಗಕ್ಕೆ ಅನುಪಾತದಲ್ಲಿರುತ್ತದೆ. ಗಂಟೆಗೆ 60 ಕಿ.ಮೀ. ವೇಗದಲ್ಲಿದ್ದ ಕಾರು 90 ಕಿ.ಮೀ. ಮುಟ್ಟಿತು ಎನ್ನೋಣ. ವೇಗ ಒಂದೂವರೆ ಪಟ್ಟಾದರೆ ಚಲನಶಕ್ತಿ ಎರಡೂಕಾಲು ಪಟ್ಟಾಗುತ್ತದೆ. ನಿಲ್ಲಿಸುವಾಗ ಅಷ್ಟನ್ನೂ ಬ್ರೇಕುಗಳು ಶಾಖವಾಗಿ ಮಾರ್ಪಡಿಸಬೇಕು. ಹಳೆಯ ಡ್ರಮ್ ಬ್ರೇಕುಗಳನ್ನು ಹಾಗೇ ಬಿಟ್ಟು ಎಂಜಿನ್ ಮಾತ್ರ ಬದಲಾಯಿಸಿದವನು ಓಡುವ ಲೆಕ್ಕ ಮಾಡಿದ, ನಿಲ್ಲುವ ಲೆಕ್ಕ ಬಿಟ್ಟ.

ಇಷ್ಟಕ್ಕೇ ಮುಗಿಯಲಿಲ್ಲ. ಹೆಚ್ಚು ಶಕ್ತಿಯ ಎಂಜಿನ್ ಹೆಚ್ಚು ಶಾಖವನ್ನೂ ಹೊರಹಾಕುತ್ತದೆ, ಹಳೆಯ ರೇಡಿಯೇಟರ್ ಅದನ್ನು ತಣಿಸಲಾರದು. ಎಂಜಿನ್ ಭಾರವಾಗಿದ್ದರೆ ಮುಂದಿನ ಸ್ಪ್ರಿಂಗ್‌ಗಳು ಕುಸಿದು ಸ್ಟೀರಿಂಗ್ ಬಿಗಿಯಾಗುತ್ತದೆ. ಕ್ಲಚ್ ಜಾರುತ್ತದೆ, ಗೇರಿನ ಹಲ್ಲು ಮುರಿಯುತ್ತದೆ. ಎಂಜಿನ್ ಮತ್ತು ಗೇರ್‌ಬಾಕ್ಸ್ ಬೇರೆ ಬೇರೆ ಕಂಪನಿಯದಾದರೆ ನಡುವೆ ಲೋಹದ ತಟ್ಟೆಯೊಂದನ್ನು ಲೇತ್‌ನಲ್ಲಿ ಕಡೆದು ಕೂರಿಸಬೇಕು. ಎರಡರ ಅಕ್ಷಗಳು ಕೂದಲೆಳೆಯಷ್ಟು ತಪ್ಪಿದರೂ ಬೇರಿಂಗ್‌ಗಳು ಬೇಗ ಸವೆಯುತ್ತವೆ. ನಮ್ಮ ಒಳ್ಳೆಯ ಮೆಕ್ಯಾನಿಕ್‌ಗಳು ಇದನ್ನು ಕಾಲೇಜಿನಲ್ಲಿ ಕಲಿತವರಲ್ಲ. ಕಾರು ಮರಳಿ ಬಂದಾಗ ಏನು ಮುರಿದಿದೆ ಎಂದು ನೋಡಿ ಕಲಿತವರು.

ಎಚ್‌ಎಎಲ್‌ನ ಎರಡು ಪಾಠಗಳು

ಎಂಜಿನ್‌ಗೂ ಒಡಲಿಗೂ ಹೊಂದಿಕೆ ಬೇಕೆನ್ನುವ ಈ ಪಾಠವನ್ನು ಇನ್ನೂ ದೊಡ್ಡ ಬೆಲೆ ತೆತ್ತು ಕಲಿತದ್ದು ವಾಲ್‌ಚಂದರು ಆರಂಭಿಸಿದ ಅದೇ ವಿಮಾನ ಕಾರ್ಖಾನೆ. ಜರ್ಮನಿಯ ಕುರ್ಟ್ ಟ್ಯಾಂಕ್ ನೇತೃತ್ವದಲ್ಲಿ ವಿನ್ಯಾಸಗೊಂಡ ಎಚ್‌ಎಫ್-24 ಮಾರುತ್ ಯುದ್ಧವಿಮಾನ 1961ರ ಜೂನ್ 17ರಂದು ಬೆಂಗಳೂರಿನಲ್ಲಿ ಮೊದಲ ಹಾರಾಟ ನಡೆಸಿತು. ಅದನ್ನು ಹಾರಿಸಿದವರು ಸುರಂಜನ್ ದಾಸ್. ಶಬ್ದದ ಎರಡು ಪಟ್ಟು ವೇಗ ಅದರ ಗುರಿಯಾಗಿತ್ತು. ಆದರೆ ಅದಕ್ಕೆ ಬೇಕೆಂದುಕೊಂಡಿದ್ದ ಶಕ್ತಿಶಾಲಿ ಆರ್ಫಿಯಸ್ 12 ಎಂಜಿನ್‌ನ ಅಭಿವೃದ್ಧಿಯನ್ನು ಇಂಗ್ಲೆಂಡ್ ಕೈಬಿಟ್ಟಿತು. ಕಡಿಮೆ ಶಕ್ತಿಯ ಆರ್ಫಿಯಸ್ 703 ಎಂಜಿನ್‌ಗಳಿಂದಲೇ ಮಾರುತ್ ಹಾರಬೇಕಾಯಿತು. ಈಜಿಪ್ಟಿನಲ್ಲಿ ತಯಾರಾದ ಇ-300 ಎಂಜಿನ್ ಅನ್ನೂ ಒಂದು ಮಾರುತ್‌ನಲ್ಲಿ ಕೂರಿಸಿ ಪರೀಕ್ಷಿಸಿದರು. ಆ ಪ್ರಯತ್ನವೂ 1969ರಲ್ಲಿ ನಿಂತುಹೋಯಿತು.

ಉಳಿದ ದಾರಿಯೆಂದರೆ ಇದ್ದ ಎಂಜಿನ್‌ಗೇ ರೀಹೀಟ್ ವ್ಯವಸ್ಥೆ ಜೋಡಿಸುವುದು. ಅಂದರೆ ಹಿಂದಿನಿಂದ ಹೊರಬೀಳುವ ಬಿಸಿ ಅನಿಲದಲ್ಲಿ ಮತ್ತೆ ಇಂಧನ ಉರಿಸಿ ಹೆಚ್ಚಿನ ನೂಕುಬಲ ಪಡೆಯುವುದು. ಅದಕ್ಕಾಗಿ ವಿಮಾನದ ಹಿಂಭಾಗವನ್ನು ಅಗಲಿಸಿದಾಗ ಗಾಳಿಯ ಎಳೆತ ಹೆಚ್ಚಿ, ಗಳಿಸಿದ ಬಲದಲ್ಲಿ ಒಂದು ಪಾಲನ್ನು ನುಂಗಿತು. 1970ರ ಜನವರಿ 10ರಂದು ಈ ಮಾದರಿಯ ವಿಮಾನ ಬೆಂಗಳೂರಿನಲ್ಲಿ ಅಪಘಾತಕ್ಕೀಡಾಗಿ ಗ್ರೂಪ್ ಕ್ಯಾಪ್ಟನ್ ಸುರಂಜನ್ ದಾಸ್ ಪ್ರಾಣ ಕಳೆದುಕೊಂಡರು. ಹಳೇ ಮದ್ರಾಸ್ ರಸ್ತೆಯಿಂದ ಎಚ್‌ಎಎಲ್ ಕಡೆಗೆ ಹೋಗುವ ರಸ್ತೆಗೆ ಇರುವುದು ಅವರದೇ ಹೆಸರು.

ಇದೇ ಕಾರ್ಖಾನೆಯ ಇನ್ನೊಂದು ಪ್ರಯತ್ನ ಚೆನ್ನಾಗಿ ಫಲಿಸಿತು. 1964ರಲ್ಲಿ ಮೊದಲು ಹಾರಿದ ಕಿರಣ್ ತರಬೇತಿ ವಿಮಾನಕ್ಕೆ ವೈಪರ್ ಎಂಜಿನ್ ಇತ್ತು. ನ್ಯಾಟ್ ಯುದ್ಧವಿಮಾನಕ್ಕೆಂದು ಬೆಂಗಳೂರಿನಲ್ಲೇ ತಯಾರಾಗುತ್ತಿದ್ದ ಆರ್ಫಿಯಸ್ 701 ಎಂಜಿನ್ ಅನ್ನು ಅದಕ್ಕೆ ಅಳವಡಿಸಿದಾಗ ಕಿರಣ್ ಮಾರ್ಕ್ 2 ಹುಟ್ಟಿತು. 1976ರಲ್ಲಿ ಹಾರಿದ ಈ ವಿಮಾನದ ನೂಕುಬಲ ಹಿಂದಿನದಕ್ಕಿಂತ ಒಂದೂವರೆ ಪಟ್ಟಿಗೂ ಹೆಚ್ಚು. ಸೂರ್ಯಕಿರಣ್ ತಂಡ 1996ರಿಂದ 2011ರವರೆಗೆ ಆಗಸದಲ್ಲಿ ಚಿತ್ತಾರ ಬಿಡಿಸಿದ್ದು ಈ ವಿಮಾನಗಳಲ್ಲೇ. ಪರಿಚಿತ ಎಂಜಿನ್, ಅದನ್ನು ತಾಳಿಕೊಳ್ಳಬಲ್ಲ ಒಡಲು, ಹಂತಹಂತದ ಪರೀಕ್ಷೆ: ಇವು ಮೂರೂ ಕೂಡಿಬಂದದ್ದರಿಂದ ಕೆಲಸ ಗೆದ್ದಿತು.

ಕಾನೂನು ಏನು ಹೇಳುತ್ತದೆ?

ವಿಮಾನಕ್ಕೆ ಪರೀಕ್ಷಕರಿದ್ದಾರೆ. ರಸ್ತೆಯ ಕಾರಿಗೆ? ಅದಕ್ಕಾಗಿಯೇ 1988ರ ಮೋಟಾರು ವಾಹನ ಕಾಯ್ದೆಯ 52ನೆಯ ವಿಧಿ ಇದೆ. ನೋಂದಣಿ ಪುಸ್ತಕದಲ್ಲಿ ನಿಮ್ಮ ಎಂಜಿನ್ ಸಂಖ್ಯೆಯೂ ಇಂಧನವೂ ದಾಖಲಾಗಿರುತ್ತವೆ. ತಯಾರಕರು ಕೊಟ್ಟ ಮೂಲ ವಿವರಗಳಿಗೆ ವಿರುದ್ಧವಾಗಿ ವಾಹನವನ್ನು ಮಾರ್ಪಡಿಸುವಂತಿಲ್ಲ ಎಂದು 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೂಡ ಸ್ಪಷ್ಟಪಡಿಸಿತು. ಇಂದಿರಾನಗರದ ಕೆಎ-03 ಇರಲಿ, ಕೆ.ಆರ್. ಪುರದ ಕೆಎ-53 ಇರಲಿ, ನಿಯಮ ಒಂದೇ. ರೇಸಿನ ಕಾರು ತನ್ನ ಅಂಕಣದಲ್ಲಿ ಓಡಲಿ. ಶಾಲೆಯ ಮುಂದಿನ ರಸ್ತೆಯಲ್ಲಿ ಅದಕ್ಕೆ ಜಾಗವಿಲ್ಲ.

ಆದರೆ ಇಂಧನ ಬದಲಾವಣೆಗೆ ಅದೇ ಕಾಯ್ದೆ ಷರತ್ತಿನೊಡನೆ ಬಾಗಿಲು ತೆರೆದಿದೆ. ಅನುಮೋದಿತ ಕಿಟ್ ಬಳಸಿ, ಅನುಮತಿ ಪಡೆದು, ಹಳೆಯ ಪೆಟ್ರೋಲ್ ಕಾರಿಗೆ ವಿದ್ಯುತ್ ಮೋಟಾರ್ ಕೂಡ ಅಳವಡಿಸಬಹುದು. ಶಿವಾಜಿನಗರದ ಹಳೆಯ ಪ್ರಶ್ನೆಗಳು ಅಲ್ಲಿಯೂ ಎದುರಾಗುತ್ತವೆ. ಬ್ಯಾಟರಿಯ ಭಾರವನ್ನು ಯಾವ ಸ್ಪ್ರಿಂಗ್ ಹೊರಬೇಕು? ಬ್ರೇಕು ಸಾಕೇ? ಶಾಖ ಎಲ್ಲಿಗೆ ಹೋಗಬೇಕು?

ನಿಮ್ಮಲ್ಲಿ ಎಂಜಿನಿಯರಿಂಗ್ ಓದಬೇಕೆಂದಿರುವವರು ಒಂದು ಕೆಲಸ ಮಾಡಿ. ನಿಮ್ಮ ಬೀದಿಯ ಗ್ಯಾರೇಜಿಗೆ ಹೋಗಿ, ಬಿಡುವಿನ ವೇಳೆಯಲ್ಲಿ ಮೇಸ್ತ್ರಿಯವರನ್ನು ವಿನಯದಿಂದ ಕೇಳಿ: ‘ಈ ಕಾರಿಗೆ ದೊಡ್ಡ ಎಂಜಿನ್ ಹಾಕಿದರೆ ಇನ್ನೇನೇನು ಬದಲಾಯಿಸಬೇಕಾಗುತ್ತದೆ?’ ಅವರು ಹೇಳುವುದನ್ನೆಲ್ಲ ಪಟ್ಟಿ ಮಾಡಿಕೊಂಡು, ಪ್ರತಿಯೊಂದರ ಎದುರಿಗೂ ಅದರ ಹಿಂದಿರುವ ವಿಜ್ಞಾನದ ನಿಯಮವನ್ನು ಬರೆಯಿರಿ.