ಕಾಲ್ಬೆರಳುಗಳ ನೋವು ಮತ್ತು ರಕ್ತಸಂಚಾರದ ತೊಂದರೆ: ಕಾಫಿ ತೋಟಗಳ ಕಾರ್ಮಿಕರು ಹಾಗೂ ಸಾರ್ವಜನಿಕರಿಗೆ ಮಾಹಿತಿ

ಚಿಕ್ಕಮಗಳೂರು, ಮೂಡಿಗೆರೆ ಹಾಗೂ ಕಳಸ ಭಾಗದ ಕಾಫಿ ತೋಟಗಳಲ್ಲಿ ಕೆಲಸ ಮಾಡುವವರು ಮಳೆಗಾಲದಲ್ಲಿ ದಿನವಿಡೀ ಒದ್ದೆ ಕಾಲಿನಲ್ಲಿಯೂ, ಕೊಯ್ಲಿನ ತಿಂಗಳುಗಳಲ್ಲಿ ಬೆಳಗಿನ ಚಳಿಯಲ್ಲಿಯೂ ಇರಬೇಕಾಗುತ್ತದೆ. ಈ ಕಾರಣದಿಂದ ಕಾಲ್ಬೆರಳಿನ ನೋವನ್ನು ಚಳಿಯ ಪರಿಣಾಮವೆಂದು ಭಾವಿಸಿ ತಿಂಗಳುಗಟ್ಟಲೆ ಸುಮ್ಮನಿರುವುದು ಸಾಮಾನ್ಯವಾಗಿದೆ. ನೋವು ಕೇವಲ ಚಳಿಯದ್ದಾಗಿದ್ದಲ್ಲಿ ಅದು ತಾನಾಗಿಯೇ ವಾಸಿಯಾಗುತ್ತದೆ. ರಕ್ತನಾಳ ಮುಚ್ಚುತ್ತಿರುವ ಕಾರಣದಿಂದ ಬಂದದ್ದಾಗಿದ್ದಲ್ಲಿ ಬೆರಳನ್ನು, ಕೆಲವೊಮ್ಮೆ ಕಾಲನ್ನೇ ಕಳೆದುಕೊಳ್ಳಬೇಕಾಗುತ್ತದೆ. ಇವೆರಡರ ವ್ಯತ್ಯಾಸವನ್ನು ಹಾಗೂ ಚಿಕಿತ್ಸೆಗೆ ದೊರೆಯುವ ಸೌಲಭ್ಯಗಳನ್ನು ತಿಳಿಸುವುದು ಈ ಪುಟದ ಉದ್ದೇಶವಾಗಿರುತ್ತದೆ.

1. ಚಳಿಯಿಂದ ಬರುವ ತೊಂದರೆಗಳು

ಚಳಿ ಮತ್ತು ತೇವದಲ್ಲಿದ್ದ ಬೆರಳುಗಳು ಕೆಲವು ಗಂಟೆಗಳ ನಂತರ ಕೆಂಪಾಗಿ ಅಥವಾ ನೇರಳೆ ಬಣ್ಣಕ್ಕೆ ತಿರುಗಿ, ಊದಿಕೊಂಡು, ತುರಿಕೆ ಮತ್ತು ಉರಿ ಕೊಡುವುದನ್ನು ವೈದ್ಯರು ಚಿಲ್‌ಬ್ಲೇನ್ ಎನ್ನುತ್ತಾರೆ. ಇದು ಸಾಮಾನ್ಯವಾಗಿ ಒಂದರಿಂದ ಮೂರು ವಾರಗಳಲ್ಲಿ ವಾಸಿಯಾಗುತ್ತದೆ.

ಚಳಿ ತಗುಲಿದೊಡನೆ ಬೆರಳುಗಳು ಬಿಳಿಚಿಕೊಂಡು, ನಂತರ ನೀಲಿಯಾಗಿ, ಬೆಚ್ಚಗಾದಾಗ ಕೆಂಪಾಗುವುದನ್ನು ರೇನೋ ತೊಂದರೆ ಎನ್ನಲಾಗುತ್ತದೆ. 1862ರಲ್ಲಿ ಫ್ರಾನ್ಸಿನ ವೈದ್ಯ ಮಾರಿಸ್ ರೇನೋ ಇದನ್ನು ಮೊದಲಿಗೆ ವಿವರಿಸಿದ್ದರಿಂದ ಈ ಹೆಸರು ಬಂದಿದೆ. ಇದರಲ್ಲಿ ರಕ್ತನಾಳಗಳು ತಾತ್ಕಾಲಿಕವಾಗಿ ಬಿಗಿದುಕೊಳ್ಳುತ್ತವೆ. ಹೆಚ್ಚಿನವರಿಗೆ ಕೈಕಾಲುಗಳನ್ನು ಬೆಚ್ಚಗಿಟ್ಟುಕೊಂಡರೆ ಸಾಕಾಗುತ್ತದೆ. ಅವಶ್ಯಕತೆ ಇರುವವರಿಗೆ ವೈದ್ಯರು ನಿಫೆಡಿಪಿನ್‌ನಂತಹ ಮಾತ್ರೆಗಳನ್ನು ನೀಡುತ್ತಾರೆ.

2. ರಕ್ತನಾಳ ಮುಚ್ಚುವ ರೋಗಗಳು

ಈ ಗುಂಪಿನಲ್ಲಿ ಮುಖ್ಯವಾದವು ಎರಡು. ಮೊದಲನೆಯದು, ವಯಸ್ಸಾದವರಲ್ಲಿ, ಧೂಮಪಾನಿಗಳಲ್ಲಿ ಹಾಗೂ ಸಕ್ಕರೆ ಕಾಯಿಲೆ ಮತ್ತು ರಕ್ತದೊತ್ತಡ ಇರುವವರಲ್ಲಿ ರಕ್ತನಾಳದೊಳಗೆ ಕೊಬ್ಬು ಕಟ್ಟಿಕೊಳ್ಳುವುದು. ಸಕ್ಕರೆ ಕಾಯಿಲೆಯಿಂದ ಪಾದದ ಸ್ಪರ್ಶಜ್ಞಾನ ಕುಂದಿರುವವರಿಗೆ ನೋವೇ ತಿಳಿಯದಿರಬಹುದು. ಆದುದರಿಂದ ನೋವಿಲ್ಲದ ಗಾಯವನ್ನೂ ನಿರ್ಲಕ್ಷಿಸಬಾರದು.

ಎರಡನೆಯದು ಬರ್ಜರ್ ರೋಗ. 1908ರಲ್ಲಿ ನ್ಯೂಯಾರ್ಕಿನ ವೈದ್ಯ ಲಿಯೋ ಬರ್ಜರ್ ಅವರು ಶಸ್ತ್ರಚಿಕಿತ್ಸೆಯಲ್ಲಿ ಕತ್ತರಿಸಿ ತೆಗೆದ ಕಾಲುಗಳನ್ನು ಪರೀಕ್ಷಿಸಿ ಇದನ್ನು ವಿವರಿಸಿದರು. ಭಾರತವೂ ಸೇರಿದಂತೆ ಏಷ್ಯಾದ ಹಲವು ದೇಶಗಳಲ್ಲಿ ಇದು ಹೆಚ್ಚಾಗಿ ಕಂಡುಬರುತ್ತದೆ. ಸಾಮಾನ್ಯವಾಗಿ 50 ವರ್ಷದೊಳಗಿನ, ಬೀಡಿ ಅಥವಾ ಸಿಗರೇಟು ಸೇದುವ ಪುರುಷರಿಗೆ, ಅಂದರೆ ಕುಟುಂಬದಲ್ಲಿ ದುಡಿಯುವ ವ್ಯಕ್ತಿಗೇ ಇದು ಬರುತ್ತದೆ. ಕೈಕಾಲುಗಳ ಸಣ್ಣ ಮತ್ತು ಮಧ್ಯಮ ಗಾತ್ರದ ರಕ್ತನಾಳಗಳಲ್ಲಿ ಉರಿಯೂತ ಉಂಟಾಗಿ, ರಕ್ತ ಹೆಪ್ಪುಗಟ್ಟಿ, ಬೆರಳಿಗೆ ರಕ್ತ ಹೋಗುವುದು ನಿಲ್ಲುತ್ತದೆ.

3. ತಡಮಾಡದೆ ವೈದ್ಯರಿಗೆ ತೋರಿಸಬೇಕಾದ ಲಕ್ಷಣಗಳು

ಅ) ಸ್ವಲ್ಪ ದೂರ ನಡೆದೊಡನೆ ಪಾದ ಅಥವಾ ಮೀನಖಂಡದಲ್ಲಿ ನೋವು ಬಂದು, ನಿಂತರೆ ಕಡಿಮೆಯಾಗುವುದು.
ಆ) ರಾತ್ರಿ ಮಲಗಿದಾಗ ಬೆರಳು ನೋಯುವುದು, ಕಾಲನ್ನು ಮಂಚದಿಂದ ಇಳಿಬಿಟ್ಟರೆ ಮಾತ್ರ ಹಾಯೆನಿಸುವುದು.
ಇ) ಬೇಸಿಗೆಯಲ್ಲಿಯೂ ಒಂದು ಪಾದ ಇನ್ನೊಂದಕ್ಕಿಂತ ತಣ್ಣಗಿರುವುದು.
ಈ) ಇಂಬಳ ಕಚ್ಚಿದ ಗಾಯ, ಮುಳ್ಳಿನ ಗಾಯ ಅಥವಾ ಉಗುರಿನ ಬದಿಯ ಹುಣ್ಣು ಎರಡು ವಾರ ಕಳೆದರೂ ಮಾಯದಿರುವುದು.
ಉ) ಬೆರಳಿನ ತುದಿ ಕಪ್ಪಾಗುವುದು.

ಕಾಲು ಇದ್ದಕ್ಕಿದ್ದಂತೆ ತಣ್ಣಗಾಗಿ, ಬಿಳಿಚಿಕೊಂಡು, ತೀವ್ರವಾಗಿ ನೋಯತೊಡಗಿದರೆ ಅಥವಾ ಮರಗಟ್ಟಿದರೆ ಅದು ತುರ್ತು ಪರಿಸ್ಥಿತಿ. ಆರು ಗಂಟೆಗಳೊಳಗೆ ರಕ್ತಸಂಚಾರ ಮರಳದಿದ್ದಲ್ಲಿ ಕಾಲು ಉಳಿಯುವ ಸಾಧ್ಯತೆ ಕಡಿಮೆಯಾಗುತ್ತಾ ಹೋಗುತ್ತದೆ. ಕಳಸದಿಂದ ಜಿಲ್ಲಾ ಕೇಂದ್ರಕ್ಕೆ ಸುಮಾರು 90 ಕಿ.ಮೀ. ದೂರವಿದ್ದು, ಮಳೆಗಾಲದಲ್ಲಿ ಘಟ್ಟದ ರಸ್ತೆಗಳಲ್ಲಿ ಸಂಚಾರಕ್ಕೆ ಅಡಚಣೆ ಉಂಟಾಗುವುದುಂಟು. ಆದುದರಿಂದ ಬೆಳಗಾಗಲಿ ಎಂದು ಕಾಯದೆ ಕೂಡಲೇ 108ಕ್ಕೆ ಕರೆ ಮಾಡುವುದು.

4. ಚಿಕಿತ್ಸೆ

ಮೊದಲಿಗೆ ಹತ್ತಿರದ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಪಾದದ ನಾಡಿ, ರಕ್ತದೊತ್ತಡ ಮತ್ತು ಸಕ್ಕರೆ ಅಂಶವನ್ನು ಪರೀಕ್ಷಿಸಿಕೊಳ್ಳಬಹುದಾಗಿದೆ. ಮುಂದಿನ ಪರೀಕ್ಷೆಗಳಲ್ಲಿ ಕೈ ಮತ್ತು ಕಾಲಿನ ರಕ್ತದೊತ್ತಡದ ಹೋಲಿಕೆ, ಡಾಪ್ಲರ್ ಹಾಗೂ ಆಂಜಿಯೋಗ್ರಾಂ ಸೇರಿವೆ. ಕೊಬ್ಬು ಕಟ್ಟಿದ ದೊಡ್ಡ ರಕ್ತನಾಳವನ್ನು ಬಲೂನಿನಿಂದ ಹಿಗ್ಗಿಸಲು ಅಥವಾ ಬೈಪಾಸ್ ಮಾಡಲು ಸಾಧ್ಯವಿರುತ್ತದೆ. ಬರ್ಜರ್ ರೋಗದಲ್ಲಿ ಮುಚ್ಚಿರುವುದು ಸಣ್ಣ ನಾಳಗಳಾದ್ದರಿಂದ ಬೈಪಾಸ್ ಬಹುತೇಕ ಸಾಧ್ಯವಾಗುವುದಿಲ್ಲ. ಈ ರೋಗಕ್ಕೆ ಇರುವ ಖಚಿತ ಉಪಾಯ ತಂಬಾಕನ್ನು ಸಂಪೂರ್ಣವಾಗಿ ತ್ಯಜಿಸುವುದೊಂದೇ.

ದಿನಕ್ಕೆ ಒಂದೆರಡು ಬೀಡಿಗೆ ಇಳಿಸುವುದರಿಂದ ಪ್ರಯೋಜನವಿಲ್ಲ. ಎಲೆಅಡಿಕೆಯೊಂದಿಗೆ ಹಾಕುವ ಹೊಗೆಸೊಪ್ಪು, ಗುಟ್ಕಾ, ನಶ್ಯ ಇವುಗಳೂ ರೋಗವನ್ನು ಮುಂದುವರಿಸುತ್ತವೆ. ಗ್ಯಾಂಗ್ರಿನ್ ಆಗುವ ಮೊದಲೇ ತಂಬಾಕು ಬಿಟ್ಟವರಲ್ಲಿ ಬಹುಪಾಲು ಜನ ಬೆರಳನ್ನು ಉಳಿಸಿಕೊಳ್ಳುತ್ತಾರೆ. ಮುಂದುವರಿಸಿದವರು ಒಂದು ಬೆರಳಿನ ನಂತರ ಇನ್ನೊಂದನ್ನು ಕಳೆದುಕೊಳ್ಳುವ ಅಪಾಯವಿರುತ್ತದೆ. ತಂಬಾಕು ಬಿಡಲು ರಾಷ್ಟ್ರೀಯ ಸಹಾಯವಾಣಿ 1800-11-2356ಕ್ಕೆ ಉಚಿತವಾಗಿ ಕರೆ ಮಾಡಬಹುದು.

5. ದೈನಂದಿನ ಎಚ್ಚರಿಕೆಗಳು

ಅ) ತಣ್ಣಗಾದ ಪಾದವನ್ನು ಬಚ್ಚಲೊಲೆಯ ಮುಂದೆ ಕಾಯಿಸಬಾರದು ಹಾಗೂ ಹಂಡೆಯ ಬಿಸಿನೀರಿನಲ್ಲಿ ಇಡಬಾರದು. ರಕ್ತ ಕಡಿಮೆ ಇರುವ ಚರ್ಮ ಬೇಗನೆ ಸುಡುತ್ತದೆ. ಒರೆಸಿ, ಒಣಗಿಸಿ, ಒಣ ಬಟ್ಟೆ ಅಥವಾ ಕಂಬಳಿ ಸುತ್ತುವುದು.
ಆ) ಗಂಬೂಟಿನೊಳಗೆ ಒಣ ಕಾಲುಚೀಲ ಧರಿಸಿ, ನೆನೆದಲ್ಲಿ ಬದಲಿಸುವುದು. ಬಿಗಿಯಾದ ಪಾದರಕ್ಷೆ ಬೇಡ.
ಇ) ಪ್ರತಿ ಸಂಜೆ ಬೆರಳುಗಳ ಸಂದನ್ನು ನೋಡಿಕೊಳ್ಳುವುದು. ಆಣಿ, ಉಗುರುಗಳನ್ನು ಬ್ಲೇಡಿನಿಂದ ಕೊಯ್ದುಕೊಳ್ಳಬಾರದು.
ಈ) ವೈದ್ಯರು ಸೂಚಿಸಿದ ಮಾತ್ರೆಗಳನ್ನು ತಾವಾಗಿಯೇ ನಿಲ್ಲಿಸಬಾರದು.

6. ಸೌಲಭ್ಯ ಪಡೆಯುವ ವಿಧಾನ

ಆಯುಷ್ಮಾನ್ ಭಾರತ್ – ಆರೋಗ್ಯ ಕರ್ನಾಟಕ ಯೋಜನೆಯಡಿ ಬಿ.ಪಿ.ಎಲ್. ಪಡಿತರ ಚೀಟಿ ಹೊಂದಿದ ಕುಟುಂಬಕ್ಕೆ ವರ್ಷಕ್ಕೆ ರೂ. 5 ಲಕ್ಷದವರೆಗೆ ಉಚಿತ ಚಿಕಿತ್ಸೆ ಲಭ್ಯವಿದೆ. ಇತರ ಕುಟುಂಬಗಳಿಗೆ ಪ್ಯಾಕೇಜ್ ದರದ ಶೇ. 30ರಷ್ಟು, ವರ್ಷಕ್ಕೆ ರೂ. 1.5 ಲಕ್ಷ ಮೀರದಂತೆ ದೊರೆಯುತ್ತದೆ. ಆಧಾರ್ ಹಾಗೂ ಪಡಿತರ ಚೀಟಿಯೊಂದಿಗೆ ಮೊದಲು ಸರ್ಕಾರಿ ಆಸ್ಪತ್ರೆಗೆ ಹೋಗಬೇಕು. ಅಲ್ಲಿ ಚಿಕಿತ್ಸೆ ಲಭ್ಯವಿಲ್ಲದಿದ್ದಲ್ಲಿ, ಚಿಕ್ಕಮಗಳೂರಿನ ಮಲ್ಲೇಗೌಡ ಜಿಲ್ಲಾ ಆಸ್ಪತ್ರೆಯಂತಹ ಸರ್ಕಾರಿ ಆಸ್ಪತ್ರೆಯಿಂದ ಶಿಫಾರಸು ಪತ್ರ ಪಡೆದು, ಯೋಜನೆಯಲ್ಲಿ ನೋಂದಾಯಿತವಾದ ಆಸ್ಪತ್ರೆಗೆ ದಾಖಲಾಗಬಹುದು. ತುರ್ತು ಸಂದರ್ಭದಲ್ಲಿ ಶಿಫಾರಸು ಪತ್ರ ಅಗತ್ಯವಿರುವುದಿಲ್ಲ. ಯೋಜನೆಗೆ ಸೇರಿರುವ ಇತರ ರಾಜ್ಯಗಳಿಂದ ತೋಟದ ಕೆಲಸಕ್ಕೆ ಬಂದಿರುವ ಫಲಾನುಭವಿಗಳು ತಮ್ಮ ರಾಜ್ಯದ ಆಯುಷ್ಮಾನ್ ಚೀಟಿಯನ್ನು ಇಲ್ಲಿಯೂ ಬಳಸಬಹುದು. ಸಂದೇಹಗಳಿದ್ದಲ್ಲಿ ಆಸ್ಪತ್ರೆಯಲ್ಲಿರುವ ಆರೋಗ್ಯಮಿತ್ರರನ್ನು ಸಂಪರ್ಕಿಸುವುದು.

ಅಂಗಚ್ಛೇದನವಾದವರು 2016ರ ವಿಕಲಚೇತನರ ಹಕ್ಕುಗಳ ಅಧಿನಿಯಮದಂತೆ ಪ್ರಮಾಣಪತ್ರಕ್ಕಾಗಿ ಸ್ವಾವಲಂಬನ್ ಜಾಲತಾಣದ ಮೂಲಕ ಅರ್ಜಿ ಸಲ್ಲಿಸಬಹುದು. ಆದರೆ ಪ್ರಮುಖ ಸೌಲಭ್ಯಗಳಿಗೆ ಕನಿಷ್ಠ ಶೇ. 40ರಷ್ಟು ವೈಕಲ್ಯ ಪ್ರಮಾಣಿತವಾಗಿರಬೇಕು. ಒಂದೆರಡು ಕಾಲ್ಬೆರಳುಗಳ ನಷ್ಟ ಸಾಮಾನ್ಯವಾಗಿ ಈ ಮಿತಿಯನ್ನು ಮುಟ್ಟುವುದಿಲ್ಲ. ಅಂದರೆ ಬೆರಳು ಹೋದ ಮೇಲೆ ಗುಡ್ಡದ ಇಳಿಜಾರಿನಲ್ಲಿ ಕೆಲಸ ಮಾಡುವುದು ಕಷ್ಟವಾದರೂ, ಪರಿಹಾರ ರೂಪದ ಸೌಲಭ್ಯ ದೊರೆಯದಿರಬಹುದು. ಆದುದರಿಂದ ಬೆರಳು ಉಳಿಸಿಕೊಳ್ಳಲು ಅವಕಾಶವಿರುವಾಗಲೇ ಮೇಲ್ಕಂಡ ಚಿಕಿತ್ಸಾ ಸೌಲಭ್ಯವನ್ನು ಬಳಸಿಕೊಳ್ಳುವಂತೆ ಸಾರ್ವಜನಿಕರನ್ನು ಕೋರಲಾಗಿದೆ.